ಟ್ರಸ್ಟ್ ಬರೆಸಿದರೆ ಸಾಲದು, ಮನೆ ಅದರ ಹೆಸರಿಗೆ ಹೋಗಬೇಕು: ಕ್ಯಾಲಿಫೋರ್ನಿಯಾದ ಲಿವಿಂಗ್ ಟ್ರಸ್ಟ್, ಬೆಂಗಳೂರಿನ ಸೈಟು

ಫ್ರೀಮಾಂಟ್, ಸನಿವೇಲ್, ಸ್ಯಾನ್ ರಮೋನ್ ಕಡೆ ಮನೆ ಕೊಂಡ ಕನ್ನಡ ಕುಟುಂಬಗಳು ಮಕ್ಕಳಾದ ಮೇಲೆ ಒಂದಲ್ಲ ಒಂದು ದಿನ ಲಿವಿಂಗ್ ಟ್ರಸ್ಟ್ ವಿಷಯಕ್ಕೆ ಬರುತ್ತವೆ, ಅಂದರೆ ಬದುಕಿರುವಾಗಲೇ ಆಸ್ತಿಯನ್ನು ಹಾಕಿಟ್ಟು, ತಮ್ಮ ನಂತರ ಅದು ಯಾರಿಗೆ ಹೇಗೆ ಹೋಗಬೇಕೆಂದು ಬರೆದಿಡುವ ವ್ಯವಸ್ಥೆ. ವಕೀಲರಿಗೆ ಕೆಲವು ಸಾವಿರ ಡಾಲರ್ ಕೊಟ್ಟು, ನೋಟರಿ ಎದುರು ಸಹಿ ಹಾಕಿ, ದಪ್ಪ ಬೈಂಡರ್ ಒಂದನ್ನು ಕಪಾಟಿನಲ್ಲಿಟ್ಟು, ಆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕೌಂಟಿಯ (ಅಲ್ಲಿನ ಜಿಲ್ಲೆಯ) ದಾಖಲೆ ತೆಗೆದು ನೋಡಿದರೆ ಮನೆ ಇನ್ನೂ ಗಂಡ-ಹೆಂಡತಿಯ ಸ್ವಂತ ಹೆಸರಿನಲ್ಲೇ ಇರುತ್ತದೆ. ಹಾಗಿದ್ದರೆ ಆ ಮನೆಯ ಮಟ್ಟಿಗೆ ಬೈಂಡರ್ ಬರೀ ಕಾಗದ. ಟ್ರಸ್ಟ್‌ನ ಅಧಿಕಾರ ಅದರ ಹೆಸರಿಗೆ ಬಂದ ಆಸ್ತಿಯ ಮೇಲೆ ಮಾತ್ರ ನಡೆಯುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಉಳಿದದ್ದನ್ನು ಅರ್ಥ ಮಾಡಿಕೊಳ್ಳುವುದು ಸುಲಭ.

ಯಾವುದನ್ನು ತಪ್ಪಿಸಲು ಇಷ್ಟೆಲ್ಲ

ತೀರಿಕೊಂಡವರ ಸ್ವಂತ ಹೆಸರಿನಲ್ಲಿದ್ದು, ಬೇರೆ ಯಾರಿಗೂ ತಾನಾಗಿ ಹೋಗದ ಆಸ್ತಿಯನ್ನು ವಾರಸುದಾರರಿಗೆ ದಾಟಿಸಲು ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ನಡೆಯುವ ಪ್ರಕ್ರಿಯೆಗೆ ಪ್ರೊಬೇಟ್ ಎನ್ನುತ್ತಾರೆ. ವಿಲ್ ಇದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ವಿಲ್‌ನಲ್ಲಿ ಬರೆದದ್ದನ್ನು ಜಾರಿಗೆ ತರುವ ದಾರಿಯೇ ಪ್ರೊಬೇಟ್. ತೀರಿಕೊಂಡವರಿಗೆ ಸಾಲ ಕೊಟ್ಟವರು ಹಕ್ಕು ಹೇಳಿಕೊಳ್ಳಲು ಕಾನೂನು ಕೊಡುವ ಅವಧಿಯೇ ನಾಲ್ಕು ತಿಂಗಳು. ಅದರ ಹಿಂದೆ ಮುಂದೆ ಕೋರ್ಟಿನ ದಿನಾಂಕಗಳನ್ನು ಸೇರಿಸಿದರೆ ವರ್ಷ ದಾಟುವುದು ಸಾಮಾನ್ಯ. ಕಡತವೂ ಸಾರ್ವಜನಿಕ: ಯಾರು ಬೇಕಾದರೂ ತೆಗೆದು ಓದಬಹುದು.

ಖರ್ಚು ಇನ್ನೂ ಭಾರ. ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಶುಲ್ಕವನ್ನು ಕಾನೂನೇ ಗೊತ್ತುಮಾಡಿದೆ: ಮೊದಲ ಒಂದು ಲಕ್ಷ ಡಾಲರ್‌ಗೆ ಶೇ. 4, ಮುಂದಿನ ಒಂದು ಲಕ್ಷಕ್ಕೆ ಶೇ. 3, ಅದರ ಮೇಲಿನ ಎಂಟು ಲಕ್ಷಕ್ಕೆ ಶೇ. 2, ಆಮೇಲಿನ ತೊಂಬತ್ತು ಲಕ್ಷಕ್ಕೆ ಶೇ. 1. 15 ಲಕ್ಷ ಡಾಲರ್ ಬೆಲೆಯ ಮನೆಗೆ ಲೆಕ್ಕ ಹಾಕಿದರೆ 4,000, 3,000, 16,000, 5,000, ಒಟ್ಟು 28,000 ಡಾಲರ್. ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದ ವ್ಯಕ್ತಿಗೂ ಇಷ್ಟೇ ಮೊತ್ತ ಕೇಳುವ ಹಕ್ಕಿದೆ. ಅದನ್ನೂ ಸೇರಿಸಿದರೆ 56,000. ಇಲ್ಲಿ ಜನ ಗಮನಿಸದ ಸಂಗತಿಯೊಂದಿದೆ. ಶುಲ್ಕವನ್ನು ಮನೆಯ ಪೂರ್ತಿ ಬೆಲೆಯ ಮೇಲೆ ಹಾಕುತ್ತಾರೆ, ಸಾಲ ಕಳೆದು ಅಲ್ಲ. ಬ್ಯಾಂಕಿಗೆ 10 ಲಕ್ಷ ಬಾಕಿ ಇದ್ದರೂ ಲೆಕ್ಕ 15 ಲಕ್ಷದ್ದೇ.

ಎಲ್ಲರಿಗೂ ಇದು ಅನ್ವಯಿಸುವುದಿಲ್ಲ. 2025ರ ಏಪ್ರಿಲ್ 1ರಿಂದ ಈಚೆಗೆ ತೀರಿಕೊಂಡವರ ವಿಷಯದಲ್ಲಿ, ಪ್ರೊಬೇಟಿಗೆ ಬರುವ ಆಸ್ತಿ 2,08,850 ಡಾಲರ್ ಒಳಗಿದ್ದರೆ ಪೂರ್ಣ ಪ್ರೊಬೇಟ್ ಬೇಕಿಲ್ಲ. ವಾಸದ ಮನೆ 7,50,000 ಡಾಲರ್ ಒಳಗಿದ್ದರೆ ಸರಳವಾದ ಒಂದು ಅರ್ಜಿಯಲ್ಲಿ ಕೋರ್ಟು ಅದನ್ನು ದಾಟಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಆ ಬೆಲೆಗೆ ಸ್ವತಂತ್ರ ಮನೆ ಸಿಗುವುದು ಕಷ್ಟವಾದ್ದರಿಂದ ನಮ್ಮವರಲ್ಲಿ ಹೆಚ್ಚಿನವರಿಗೆ ಈ ರಿಯಾಯಿತಿ ಉಪಯೋಗಕ್ಕೆ ಬಾರದು. ಬಾಡಿಗೆ ಮನೆಯಲ್ಲಿದ್ದು, ಇರುವುದೆಲ್ಲ 401(ಕೆ) ನಿವೃತ್ತಿ ಖಾತೆ ಮತ್ತು ಬ್ಯಾಂಕ್ ಖಾತೆ ಎನ್ನುವವರಿಗೆ, ಮಕ್ಕಳೂ ಇಲ್ಲದಿದ್ದರೆ, ಒಂದು ವಿಲ್ ಮತ್ತು ತಮ್ಮ ನಂತರ ಖಾತೆ ಯಾರಿಗೆ ಎಂದು ಸರಿಯಾಗಿ ತುಂಬಿದ ಬೆನಿಫಿಷಿಯರಿ ಫಾರ್ಮುಗಳೇ ಸಾಕು.

ಗಂಡ-ಹೆಂಡತಿ ಇಬ್ಬರ ಹೆಸರೂ ಮನೆಯ ಹಕ್ಕುಪತ್ರವಾದ ಡೀಡ್‌ನಲ್ಲಿ ಜಾಯಿಂಟ್ ಟೆನೆಂಟ್ಸ್ ಎಂದಿದ್ದರೆ ಒಬ್ಬರು ಹೋದಾಗ ಮನೆ ಇನ್ನೊಬ್ಬರಿಗೆ ಪ್ರೊಬೇಟ್ ಇಲ್ಲದೆ ಬರುತ್ತದೆ, ನಿಜ. ತೊಡಕು ಬರುವುದು ಎರಡನೆಯವರು ಹೋದಾಗ, ಅಥವಾ ಒಂದೇ ಅಪಘಾತದಲ್ಲಿ ಇಬ್ಬರೂ ಹೋದಾಗ. ಮಕ್ಕಳು ಚಿಕ್ಕವರಾಗಿದ್ದರೆ ಅವರ ಪಾಲಿನ ಹಣ ಕೋರ್ಟಿನ ಉಸ್ತುವಾರಿಗೆ ಹೋಗಿ, 18 ತುಂಬಿದ ದಿನ ಇಡೀ ಮೊತ್ತ ಆ ಹುಡುಗನ ಅಥವಾ ಹುಡುಗಿಯ ಕೈಗೆ ಬರುತ್ತದೆ. ಟ್ರಸ್ಟ್‌ನಲ್ಲಾದರೆ ಓದಿಗೆ, ಆರೋಗ್ಯಕ್ಕೆ ಆಗಾಗ ಕೊಡುತ್ತಾ ಉಳಿದದ್ದನ್ನು 25, 30, 35ನೇ ವಯಸ್ಸಿನಲ್ಲಿ ಕಂತಾಗಿ ಕೊಡಿ ಎಂದು ಬರೆಯಬಹುದು. ಚಿಕ್ಕ ಮಕ್ಕಳಿರುವವರಿಗೆ ಶುಲ್ಕದ ಉಳಿತಾಯಕ್ಕಿಂತ ಇದೇ ದೊಡ್ಡ ಕಾರಣ.

ಟ್ರಸ್ಟ್‌ನ ಒಳಗೆ

ಮೂರು ಪಾತ್ರಗಳು: ಆಸ್ತಿ ಹಾಕುವವರು, ಆಸ್ತಿ ನಿರ್ವಹಿಸುವ ಟ್ರಸ್ಟಿ, ಅದರ ಫಲ ಪಡೆಯುವ ಫಲಾನುಭವಿ. ರಿವೊಕಬಲ್ ಲಿವಿಂಗ್ ಟ್ರಸ್ಟ್‌ನಲ್ಲಿ ನೀವು ಬದುಕಿರುವವರೆಗೆ ಮೂರೂ ನೀವೇ. ಬೇಕೆಂದಾಗ ತಿದ್ದಬಹುದು, ರದ್ದು ಮಾಡಬಹುದು, ಮನೆ ಮಾರಬಹುದು. ಆದಾಯ ತೆರಿಗೆಗೆ ನಿಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರೇ ನಡೆಯುತ್ತದೆ, ಟ್ರಸ್ಟ್‌ಗೆ ಬೇರೆ ರಿಟರ್ನ್ ಬೇಕಿಲ್ಲ. ನೀವು ತೀರಿಕೊಂಡಾಗ ಅಥವಾ ಪಾರ್ಶ್ವವಾಯು, ಮರೆವಿನ ರೋಗದಂಥದ್ದು ಬಂದು ವ್ಯವಹಾರ ನಡೆಸಲಾಗದಾಗ, ನೀವೇ ಹೆಸರಿಸಿದ ಸಕ್ಸೆಸರ್ ಟ್ರಸ್ಟಿ ಕೋರ್ಟಿಗೆ ಹೋಗದೆ ಅಧಿಕಾರ ವಹಿಸಿಕೊಳ್ಳುತ್ತಾರೆ.

ಇಷ್ಟು ಹತೋಟಿ ನಿಮ್ಮ ಕೈಯಲ್ಲೇ ಉಳಿಯುವುದರಿಂದ ಟ್ರಸ್ಟ್ ಕೆಲವನ್ನು ಮಾಡಲಾರದು. ನಿಮಗೆ ಸಾಲ ಕೊಟ್ಟವರಿಂದ ಆಸ್ತಿಯನ್ನು ಅದು ಕಾಪಾಡುವುದಿಲ್ಲ. ತೀರಿಕೊಂಡವರ ಆಸ್ತಿಗೆ ಬೀಳುವ ಎಸ್ಟೇಟ್ ತೆರಿಗೆಯನ್ನೂ ತಾನಾಗಿ ಉಳಿಸುವುದಿಲ್ಲ. ಹಾಗೆಂದು ಹೇಳಿ ಮಾರುವವರಿದ್ದರೆ ನಂಬಬೇಡಿ.

ಜೊತೆಗೆ ಇನ್ನು ನಾಲ್ಕು ಕಾಗದ ಬೇಕು: ಹೊರಗೆ ಉಳಿದುಹೋದದ್ದನ್ನು ಟ್ರಸ್ಟ್‌ಗೆ ಸೇರಿಸುವ ಪೋರ್-ಓವರ್ ವಿಲ್, ಹಣದ ವ್ಯವಹಾರಕ್ಕೆ ಪವರ್ ಆಫ್ ಅಟಾರ್ನಿ, ಚಿಕಿತ್ಸೆಯ ನಿರ್ಧಾರಕ್ಕೆ ಹೆಲ್ತ್ ಕೇರ್ ಡೈರೆಕ್ಟಿವ್, ಬ್ಯಾಂಕಿಗೆ ತೋರಿಸಲು ಟ್ರಸ್ಟ್‌ನ ಕೆಲವೇ ಪುಟದ ಸರ್ಟಿಫಿಕೇಶನ್. ವಿಲ್‌ಗೆ ಇಬ್ಬರು ಸಾಕ್ಷಿಗಳು ಕಡ್ಡಾಯ. ಮಕ್ಕಳ ಗಾರ್ಡಿಯನ್ ಯಾರೆಂದು ಹೇಳುವುದು ಈ ವಿಲ್‌ನಲ್ಲೇ, ಆದ್ದರಿಂದ ಅದನ್ನು ಉಪಕಾಗದವೆಂದು ಹಗುರವಾಗಿ ನೋಡಬಾರದು. ಪೋರ್-ಓವರ್ ವಿಲ್ ಇದೆಯಲ್ಲ ಎಂದು ಮನೆಯನ್ನು ಹೊರಗೆ ಬಿಟ್ಟರೆ, ಆ ಮನೆ ಪ್ರೊಬೇಟ್ ಮುಗಿಸಿಕೊಂಡೇ ಟ್ರಸ್ಟ್ ಸೇರಬೇಕು.

ಮನೆಯನ್ನು ದಾಟಿಸುವ ಕೆಲಸ

ನೀವು ಟ್ರಸ್ಟಿಗೆ ಮನೆ ವರ್ಗಾಯಿಸುವ ಹೊಸ ಡೀಡ್ ಬರೆಸಿ, ನೋಟರಿ ಮಾಡಿಸಿ, ಮನೆ ಇರುವ ಕೌಂಟಿಯ ರೆಕಾರ್ಡರ್ ಕಚೇರಿಯಲ್ಲಿ ದಾಖಲಿಸಬೇಕು. ಹಳೆಯ ಡೀಡ್ ಪಕ್ಕದಲ್ಲಿಟ್ಟುಕೊಂಡೇ ಬರೆಯಬೇಕು. ಹಳೆಯದರಲ್ಲಿ "ಇಂಥವರು ಮತ್ತು ಇಂಥವರು, ಗಂಡ-ಹೆಂಡತಿ, ಜಾಯಿಂಟ್ ಟೆನೆಂಟ್ಸ್" ಎಂದಿದ್ದರೆ ಕೊಡುವವರ ಸಾಲಿನಲ್ಲಿ ಅದೇ ಅಕ್ಷರಗಳು ಹಾಗೇ ಬರಬೇಕು. ಪಡೆಯುವವರ ಸಾಲಿನಲ್ಲಿ "ಇಂಥವರು ಮತ್ತು ಇಂಥವರು, ಇಂಥ ದಿನಾಂಕದ ಇಂಥ ರಿವೊಕಬಲ್ ಟ್ರಸ್ಟ್‌ನ ಟ್ರಸ್ಟಿಗಳಾಗಿ" ಎಂದಿರಬೇಕು. ಬರೀ ಟ್ರಸ್ಟ್‌ನ ಹೆಸರು ಬರೆದು ಟ್ರಸ್ಟಿಗಳನ್ನು ಬಿಡಬಾರದು, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಆಸ್ತಿ ಹಿಡಿಯುವವರು ಟ್ರಸ್ಟಿ. ಜಾಗದ ಕಾನೂನು ವಿವರಣೆ ಮತ್ತು ಪಾರ್ಸಲ್ ನಂಬರನ್ನು ಹಳೆಯ ಡೀಡ್‌ನಿಂದ ಅಕ್ಷರಶಃ ಇಳಿಸಬೇಕು. ಮನೆಯ ರಸ್ತೆ ವಿಳಾಸ ಆ ವಿವರಣೆಗೆ ಬದಲಿಯಲ್ಲ.

ನಮ್ಮ ಹೆಸರುಗಳು ಇಲ್ಲಿ ತೊಂದರೆ ಕೊಡುತ್ತವೆ. ಒಂದು ಕಾಗದದಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರಾಗಿ ಹಿಂದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದೆ ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಬಂದದ್ದು, ಪೌರತ್ವ ತೆಗೆದುಕೊಳ್ಳುವಾಗ ಹೆಸರನ್ನೇ ಬದಲಿಸಿಕೊಂಡದ್ದು, ಹೀಗೆ. ಮನೆ ಕೊಂಡಾಗಿನ ಹೆಸರಿಗೂ ಇವತ್ತಿನ ಡ್ರೈವಿಂಗ್ ಲೈಸೆನ್ಸಿಗೂ ವ್ಯತ್ಯಾಸವಿದ್ದರೆ ಡೀಡ್‌ನಲ್ಲೇ ಇವತ್ತಿನ ಹೆಸರು ಬರೆದು, "ಇಂಥ ಹೆಸರಿನಲ್ಲಿ ಈ ಆಸ್ತಿ ಪಡೆದವರು" ಎಂದು ಸೇರಿಸಬೇಕು. ಟ್ರಸ್ಟ್ ಪತ್ರದಲ್ಲೂ ನಿಮ್ಮ ಎಲ್ಲ ಹೆಸರುಗಳನ್ನು ಒಂದು ಕಡೆ ಬರೆದಿಡಿ. ಇದನ್ನು ಈಗಲೇ ಸರಿಮಾಡದಿದ್ದರೆ ಮುಂದೆ ಮನೆ ಮಾರುವಾಗ ಮಾಲೀಕತ್ವ ಪರಿಶೀಲಿಸುವ ಟೈಟಲ್ ಕಂಪನಿ ನಿಲ್ಲಿಸುತ್ತದೆ, ಆಗ ವಿವರಣೆ ಕೊಡಲು ನೀವು ಇರುವುದಿಲ್ಲ.

ಡೀಡ್ ಜೊತೆ ಮಾಲೀಕತ್ವ ಬದಲಾವಣೆಯ ಫಾರ್ಮ್ ಕೊಡಬೇಕು, ರೆಕಾರ್ಡರ್ ಕಚೇರಿಯಲ್ಲಿ ಅದನ್ನು ಪಿಸಿಒಆರ್ ಎನ್ನುತ್ತಾರೆ. ರಿವೊಕಬಲ್ ಟ್ರಸ್ಟ್‌ಗೆ ವರ್ಗ ಎಂಬ ಚೌಕಕ್ಕೆ ಗುರುತು ಹಾಕಿದರೆ ಆಸ್ತಿ ತೆರಿಗೆಯ ಮರುಮೌಲ್ಯಮಾಪನ ಆಗುವುದಿಲ್ಲ, ಡೀಡ್ ಮೇಲೆ ಕಾರಣ ಬರೆದರೆ ವರ್ಗಾವಣೆ ತೆರಿಗೆಯೂ ಇಲ್ಲ. ಬ್ಯಾಂಕ್ ಸಾಲವನ್ನು ಒಮ್ಮೆಗೇ ತೀರಿಸಿ ಎನ್ನುತ್ತದೇನೋ ಎಂಬ ಭಯ ಬೇಡ: ವಾಸದ ಮನೆಯನ್ನು ತಾವೇ ಫಲಾನುಭವಿಯಾಗಿರುವ ಇಂಥ ಟ್ರಸ್ಟ್‌ಗೆ ಹಾಕಿದ್ದಕ್ಕೆ ಸಾಲ ಹಿಂದಕ್ಕೆ ಕೇಳುವುದನ್ನು 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯಿದೆ ತಡೆಯುತ್ತದೆ. ಮನೆಯ ಇನ್ಶೂರೆನ್ಸ್ ಕಂಪನಿಗೆ ಮಾತ್ರ ತಿಳಿಸಿ, ಟ್ರಸ್ಟಿಯ ಹೆಸರನ್ನು ಪಾಲಿಸಿಗೆ ಸೇರಿಸಿ.

ಅತಿ ಹೆಚ್ಚು ಎಡವುವುದು ರಿಫೈನಾನ್ಸ್ ಮಾಡುವಾಗ, ಅಂದರೆ ಹೊಸ ಸಾಲ ತೆಗೆದು ಹಳೆಯ ಸಾಲ ತೀರಿಸುವಾಗ. ಸಾಲ ಕೊಡುವವರು ಮನೆಯನ್ನು ಟ್ರಸ್ಟ್‌ನಿಂದ ಹೊರತೆಗೆದು ಸ್ವಂತ ಹೆಸರಿಗೆ ಮಾಡಿಕೊಳ್ಳಿ ಎನ್ನುತ್ತಾರೆ, ಕಾಗದಗಳ ರಾಶಿಯಲ್ಲಿ ಆ ಡೀಡ್‌ಗೂ ಸಹಿ ಬೀಳುತ್ತದೆ. ಹೊಸ ಸಾಲದ ಕಾಗದಪತ್ರ ಮುಗಿದ ಮೇಲೆ ವಾಪಸ್ ಟ್ರಸ್ಟ್‌ಗೆ ಹಾಕುವುದು ಯಾರ ಕೆಲಸವೂ ಆಗಿರುವುದಿಲ್ಲ. ಬಡ್ಡಿ ದರ ಇಳಿದಾಗಲೆಲ್ಲ ರಿಫೈನಾನ್ಸ್ ಮಾಡಿದವರು ಈಗಲೇ ಕೌಂಟಿ ದಾಖಲೆಯಲ್ಲಿ ಕೊನೆಯ ಡೀಡ್ ಯಾರ ಹೆಸರಿಗಿದೆ ಎಂದು ನೋಡಬೇಕು. ಟ್ರಸ್ಟ್ ಮಾಡಿದ ನಂತರ ಕೊಂಡ ಎರಡನೇ ಮನೆಯದೂ ಇದೇ ಕತೆ. ಮನೆ ಹೊರಗುಳಿದು ಮಾಲೀಕರು ತೀರಿಕೊಂಡರೂ, ಟ್ರಸ್ಟ್ ಪತ್ರದ ಆಸ್ತಿಪಟ್ಟಿಯಲ್ಲಿ ಆ ಮನೆ ಸ್ಪಷ್ಟವಾಗಿ ನಮೂದಾಗಿದ್ದರೆ ಒಂದು ದಾರಿ ಉಳಿದಿರುತ್ತದೆ. 1993ರ ಹೆಗ್‌ಸ್ಟಾಡ್ ತೀರ್ಪಿನ ಆಧಾರದ ಮೇಲೆ, ಇದು ಟ್ರಸ್ಟ್‌ನದೇ ಆಸ್ತಿ ಎಂದು ಘೋಷಿಸಲು ಕೋರ್ಟನ್ನು ಕೇಳಬಹುದು. ಪ್ರೊಬೇಟ್‌ಗಿಂತ ಅಗ್ಗ, ಆದರೂ ವಕೀಲರು, ಕೋರ್ಟು, ತಿಂಗಳುಗಳು ತಪ್ಪುವುದಿಲ್ಲ. ಆಸ್ತಿಪಟ್ಟಿಯನ್ನು ಖಾಲಿ ಬಿಡಬೇಡಿ ಎನ್ನುವುದು ಇದಕ್ಕೇ.

ಟ್ರಸ್ಟ್ ಪತ್ರದ ಇನ್ನೊಂದು ಸಾಲು ತೆರಿಗೆಯಲ್ಲಿ ಲಕ್ಷಗಳ ವ್ಯತ್ಯಾಸ ಮಾಡುತ್ತದೆ. 6 ಲಕ್ಷಕ್ಕೆ ಕೊಂಡ ಮನೆ ಈಗ 18 ಲಕ್ಷ ಎಂದಿಟ್ಟುಕೊಳ್ಳಿ. ಒಬ್ಬರು ತೀರಿಕೊಂಡಾಗ ಜಾಯಿಂಟ್ ಟೆನೆನ್ಸಿಯಾದರೆ ಲಾಭ ಲೆಕ್ಕ ಹಾಕಲು ಹಿಡಿಯುವ ಮೂಲ ಬೆಲೆಯಲ್ಲಿ ಅವರ ಅರ್ಧ ಮಾತ್ರ ಇವತ್ತಿನ ಬೆಲೆಗೆ ಏರುತ್ತದೆ: 3 ಮತ್ತು 9, ಒಟ್ಟು 12 ಲಕ್ಷ. ಉಳಿದವರು 18ಕ್ಕೆ ಮಾರಿದರೆ 6 ಲಕ್ಷ ಲಾಭವೆಂದು ಲೆಕ್ಕ, ವಾಸದ ಮನೆಗೆ ಸಿಗುವ ವಿನಾಯಿತಿ ಕಳೆದು ಉಳಿದದ್ದಕ್ಕೆ ತೆರಿಗೆ. ಕಮ್ಯುನಿಟಿ ಪ್ರಾಪರ್ಟಿಯಾದರೆ (ದಂಪತಿ ಇಬ್ಬರಿಗೂ ಒಟ್ಟಾಗಿ ಸೇರಿದ ಆಸ್ತಿ) ಎರಡೂ ಅರ್ಧ ಏರಿ ಪೂರ್ತಿ 18 ಲಕ್ಷವಾಗುತ್ತದೆ, ಲಾಭವೇ ಇಲ್ಲ. ದಂಪತಿ ದುಡಿದು ಕೊಂಡ ಆಸ್ತಿ ಟ್ರಸ್ಟ್‌ನ ಒಳಗೂ ಕಮ್ಯುನಿಟಿ ಪ್ರಾಪರ್ಟಿಯಾಗಿಯೇ ಇರುತ್ತದೆ ಎಂಬ ವಾಕ್ಯ ನಿಮ್ಮ ಪತ್ರದಲ್ಲಿದೆಯೇ ಎಂದು ಹುಡುಕಿ.

ಏನು ಒಳಗೆ, ಏನು ಹೊರಗೆ

401(ಕೆ), ಐಆರ್‌ಎ ನಿವೃತ್ತಿ ಖಾತೆಗಳ ಮಾಲೀಕತ್ವವನ್ನು ಎಂದೂ ಟ್ರಸ್ಟ್‌ಗೆ ಬದಲಿಸಬೇಡಿ. ಇಡೀ ಮೊತ್ತ ಹಿಂತೆಗೆದ ಹಾಗೆ ಲೆಕ್ಕವಾಗಿ ಒಂದೇ ವರ್ಷ ತೆರಿಗೆ ಬೀಳುತ್ತದೆ. ಅವುಗಳಿಗೆ ಬೆನಿಫಿಷಿಯರಿ ಫಾರ್ಮ್ ಸಾಕು: ಮೊದಲು ಸಂಗಾತಿ, ಅವರ ನಂತರ ಮಕ್ಕಳು ಅಥವಾ ಮಕ್ಕಳಿಗಾಗಿ ಟ್ರಸ್ಟ್. ಕಂಪನಿ ಬದಲಿಸಿದಾಗಲೆಲ್ಲ ಹೊಸ ಖಾತೆಗೆ ಈ ಫಾರ್ಮ್ ಮತ್ತೆ ತುಂಬಬೇಕು. ಮದುವೆಗೆ ಮುಂಚೆ ಅಮ್ಮನ ಹೆಸರು ಹಾಕಿದ್ದ ಖಾತೆಗಳು ಹಾಗೇ ಉಳಿದಿರುವುದುಂಟು. ಚಿಕ್ಕ ಮಕ್ಕಳಿದ್ದರೆ ಲೈಫ್ ಇನ್ಶೂರೆನ್ಸ್‌ನ ಎರಡನೇ ಬೆನಿಫಿಷಿಯರಿಯಾಗಿ ಟ್ರಸ್ಟಿಯನ್ನು ಹೆಸರಿಸಿ, ಮಕ್ಕಳನ್ನೇ ನೇರ ಹೆಸರಿಸಬೇಡಿ. ಬ್ರೋಕರೇಜ್ ಮತ್ತು ದೊಡ್ಡ ಬ್ಯಾಂಕ್ ಖಾತೆಗಳನ್ನು ಟ್ರಸ್ಟ್ ಹೆಸರಿಗೆ ಬದಲಿಸಿ. ಕಂಪನಿ ಸಂಬಳದ ಭಾಗವಾಗಿ ಕೊಟ್ಟು ಕೈಗೆ ಬಂದ ಆರ್‌ಎಸ್‌ಯು ಷೇರುಗಳು ಅದರಲ್ಲಿ ಸೇರುತ್ತವೆ, ಇನ್ನೂ ಬಾರದವು ಕಂಪನಿಯ ನಿಯಮಕ್ಕೆ ಒಳಪಟ್ಟಿರುತ್ತವೆ. ಕಾರಿಗೆ ವಾಹನ ನೋಂದಣಿ ಇಲಾಖೆಯಾದ ಡಿಎಂವಿಯ ಸರಳ ಫಾರ್ಮ್ ಇದೆ, ಹೊರಗೇ ಇರಲಿ.

ತಮ್ಮನನ್ನು ಟ್ರಸ್ಟಿ ಮಾಡುವ ಮುನ್ನ

ಮೈಸೂರಿನಲ್ಲಿರುವ ತಮ್ಮ ಅಥವಾ ಹುಬ್ಬಳ್ಳಿಯ ಅಕ್ಕ ಎಲ್ಲರಿಗಿಂತ ನಂಬಿಕಸ್ಥರು ಎಂದು ಅವರನ್ನೇ ಸಕ್ಸೆಸರ್ ಟ್ರಸ್ಟಿ ಎಂದು ಬರೆಯುವುದು ಸಹಜ. ಅಮೆರಿಕದ ತೆರಿಗೆ ಕಾನೂನು ಇದನ್ನು ಬೇರೆ ರೀತಿ ನೋಡುತ್ತದೆ. ಟ್ರಸ್ಟ್‌ನ ಮುಖ್ಯ ನಿರ್ಧಾರಗಳು ಅಮೆರಿಕದ ಪೌರರೂ ಅಲ್ಲದ, ತೆರಿಗೆಯ ಲೆಕ್ಕದಲ್ಲಿ ನಿವಾಸಿಗಳೂ ಅಲ್ಲದವರ ಕೈಗೆ ಹೋದರೆ ಅದು ವಿದೇಶಿ ಟ್ರಸ್ಟ್ ಆಗಿಬಿಡುತ್ತದೆ. ಆಮೇಲೆ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 3520, 3520-ಎ ಕೊಡಬೇಕು, ತಡವಾದರೆ ಭಾರಿ ದಂಡ. ಅನಿರೀಕ್ಷಿತವಾಗಿ ಹಾಗಾದರೆ ಸರಿಪಡಿಸಲು 12 ತಿಂಗಳ ಅವಕಾಶವಿದೆ, ಆದರೆ ದುಃಖದಲ್ಲಿರುವ ಕುಟುಂಬಕ್ಕೆ ಅದು ಹೊಳೆಯುವುದು ಹೇಗೆ? ಟ್ರಸ್ಟಿ ಅಮೆರಿಕದಲ್ಲಿರಲಿ. ಮಕ್ಕಳನ್ನು ಸಾಕುವ ಗಾರ್ಡಿಯನ್ ಬೇರೆಯವರಾಗಿರಬಹುದು, ಊರಿನವರೂ ಆಗಿರಬಹುದು. ಹಣ ನೋಡುವವರು ಒಬ್ಬರು, ಮಕ್ಕಳನ್ನು ನೋಡುವವರು ಇನ್ನೊಬ್ಬರು ಎಂಬ ವ್ಯವಸ್ಥೆ ಎಷ್ಟೋ ಸಲ ಒಳ್ಳೆಯದೇ.

ಎಸ್ಟೇಟ್ ತೆರಿಗೆಯಲ್ಲಿ ನಮ್ಮವರಿಗೆ ಸಂಬಂಧಿಸಿದ ಒಂದು ಗಂಭೀರ ಸಂಗತಿಯಿದೆ. 2026ರಲ್ಲಿ ವಿನಾಯಿತಿ ತಲಾ 1.5 ಕೋಟಿ ಡಾಲರ್, ಹಾಗಾಗಿ ಬಹುಪಾಲು ಕುಟುಂಬಗಳಿಗೆ ತೆರಿಗೆ ಇಲ್ಲ. ಆದರೆ ಆ ವಿನಾಯಿತಿ ಅಮೆರಿಕದ ಪೌರರಿಗೆ ಮತ್ತು ಅಮೆರಿಕವನ್ನೇ ಕಾಯಂ ನೆಲೆ ಮಾಡಿಕೊಂಡವರಿಗೆ. ಪೌರತ್ವವಿಲ್ಲದವರು ಗ್ರೀನ್ ಕಾರ್ಡ್ ಒಪ್ಪಿಸಿ ಬೆಂಗಳೂರಿಗೆ ಮರಳಿ, ಅಮೆರಿಕದ ಮನೆಯನ್ನು ಬಾಡಿಗೆಗೆ ಬಿಟ್ಟಿದ್ದರೆ, ಅಮೆರಿಕದಲ್ಲಿರುವ ಅವರ ಆಸ್ತಿಗೆ ವಿನಾಯಿತಿ 60,000 ಡಾಲರ್ ಮಾತ್ರ, ಮೇಲಿನದ್ದಕ್ಕೆ ಶೇ. 40ರವರೆಗೆ ತೆರಿಗೆ. ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಕಾಯಂ ನೆಲೆ ಯಾವುದು ಎಂಬುದೂ ವಾದಕ್ಕೆ ಬರಬಹುದು. ಸಂಗಾತಿಗೆ ಹೋಗುವ ಆಸ್ತಿಗೆ ತೆರಿಗೆಯಿಲ್ಲ ಎಂಬ ನಿಯಮ, ಆ ಸಂಗಾತಿ ಅಮೆರಿಕದ ಪೌರರಲ್ಲದಿದ್ದರೆ ತಾನಾಗಿ ಅನ್ವಯಿಸದು. ಅದಕ್ಕೆ ಕ್ಯೂಡಾಟ್ ಎಂಬ ವಿಶೇಷ ಟ್ರಸ್ಟ್ ಬೇಕು. ಸಾಮಾನ್ಯ ಲಿವಿಂಗ್ ಟ್ರಸ್ಟ್ ಇಲ್ಲಿ ಏನೂ ನೆರವಾಗದು.

ಬೆಂಗಳೂರಿನ ಸೈಟು, ಊರಿನ ಜಮೀನು

ಸಿದ್ಧ ಮಾದರಿಯ ಟ್ರಸ್ಟ್ ಪತ್ರಗಳಲ್ಲಿ "ಜಗತ್ತಿನಲ್ಲಿ ಎಲ್ಲೇ ಇರುವ ನನ್ನ ಸಮಸ್ತ ಆಸ್ತಿ" ಎಂಬ ಸಾಲು ಇರುತ್ತದೆ. ಭಾರತದ ಸ್ಥಿರಾಸ್ತಿಯ ವಿಷಯದಲ್ಲಿ ಅದು ನಡೆಯುವುದಿಲ್ಲ. ಭಾರತದಲ್ಲಿರುವ ಸ್ಥಿರಾಸ್ತಿಯ ಉತ್ತರಾಧಿಕಾರಕ್ಕೆ ಭಾರತದ ಕಾನೂನೇ ಅನ್ವಯ. 1882ರ ಭಾರತೀಯ ಟ್ರಸ್ಟ್ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯನ್ನು ಟ್ರಸ್ಟ್‌ಗೆ ಹಾಕಬೇಕಾದರೆ ವಿಲ್ ಇರಬೇಕು, ಇಲ್ಲವೇ ಸಹಿಯಾಗಿ ನೋಂದಣಿಯಾದ ಪತ್ರವಿರಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗದ, ಸ್ಟಾಂಪ್ ಡ್ಯೂಟಿ ಕಟ್ಟದ ಕ್ಯಾಲಿಫೋರ್ನಿಯಾ ಪತ್ರದಿಂದ ಜಯನಗರದ ಮನೆಯ ಖಾತೆ ಬದಲಾಗದು. ನೋಂದಾಯಿಸಲು ಹೊರಟರೆ ವಿದೇಶಿ ಟ್ರಸ್ಟ್ ಭಾರತದಲ್ಲಿ ಆಸ್ತಿ ಹೊಂದಬಹುದೇ ಎಂಬ ಫೆಮಾ (ವಿದೇಶಿ ವಿನಿಮಯ ಕಾನೂನು) ಪ್ರಶ್ನೆ ಎದುರಾಗುತ್ತದೆ.

ಸರಳ ದಾರಿ ಭಾರತದ ಆಸ್ತಿಗೆ ಮಾತ್ರ ಸೀಮಿತವಾದ ಪ್ರತ್ಯೇಕ ವಿಲ್. ಇಬ್ಬರು ಸಾಕ್ಷಿಗಳು ಸಾಕು; ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ಜಗಳಕ್ಕೆ ಅವಕಾಶ ಕಡಿಮೆ. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲಿಗಷ್ಟೇ ವಿಲ್ ಬರೆಯಬಹುದು ಎಂಬುದು ನೆನಪಿರಲಿ. ಒಂದು ಎಚ್ಚರಿಕೆ: ಅಮೆರಿಕದ ವಿಲ್‌ನ ಮೊದಲ ಪ್ಯಾರಾದಲ್ಲೇ "ಹಿಂದಿನ ಎಲ್ಲ ವಿಲ್‌ಗಳನ್ನು ರದ್ದು ಮಾಡಿದ್ದೇನೆ" ಎಂದಿರುತ್ತದೆ. ಭಾರತದ ವಿಲ್ ಮೊದಲು ಬರೆದಿದ್ದರೆ ಆ ಒಂದು ವಾಕ್ಯ ಅದನ್ನು ಅಳಿಸಿಹಾಕಬಹುದು. ಎರಡೂ ವಿಲ್‌ಗಳಲ್ಲಿ ಇದು ಯಾವ ದೇಶದ ಆಸ್ತಿಗೆ, ಇನ್ನೊಂದು ವಿಲ್ ಹಾಗೇ ಉಳಿಯುತ್ತದೆ ಎಂದು ಬಿಡಿಸಿ ಬರೆಸಿ.

ನಾಮಿನಿ ಎಂಬುದನ್ನು ಅಮೆರಿಕದ ಬೆನಿಫಿಷಿಯರಿಗೆ ಸಮ ಎಂದು ತಿಳಿಯಬೇಡಿ. ಅಲ್ಲಿ ಬೆನಿಫಿಷಿಯರಿಗೆ ಹಣ ಸೇರಿದರೆ ಅದು ಅವರದೇ. ಭಾರತದಲ್ಲಿ ಅನಿವಾಸಿಗಳ ಎನ್‌ಆರ್‌ಒ ಖಾತೆಯ, ಷೇರುಗಳ ನಾಮಿನಿ ವಾರಸುದಾರರ ಪರವಾಗಿ ಹಣ ಪಡೆಯುವವರು ಅಷ್ಟೇ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಅಮೆರಿಕದಲ್ಲಿ ತೀರಿಕೊಂಡವರ ಮರಣ ಪ್ರಮಾಣಪತ್ರವನ್ನು ಭಾರತದಲ್ಲಿ ಬಳಸಲು ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೋಸ್ಟಿಲ್ (ಬೇರೆ ದೇಶದಲ್ಲಿ ಒಪ್ಪುವ ದೃಢೀಕರಣ) ಬೇಕು. ಆಸ್ತಿಯ ಖಾತೆ ಬದಲಾವಣೆಗೆ ಅದನ್ನೂ ವಿಲ್‌ನ ಪ್ರತಿಯನ್ನೂ ಕೊಡಬೇಕು, ವಿಲ್ ಇಲ್ಲದಿದ್ದರೆ ನಾಡಕಚೇರಿಯ ವಂಶವೃಕ್ಷ. ಅಮೆರಿಕದಲ್ಲಿರುವ ಮಗಳಿಗೆ ಭಾರತದಲ್ಲಿರುವ ಅಜ್ಜ-ಅಜ್ಜಿಯಿಂದ ಒಂದು ವರ್ಷದಲ್ಲಿ 1 ಲಕ್ಷ ಡಾಲರ್ ಮೀರಿದ ಆಸ್ತಿ ಬಂದರೆ ತೆರಿಗೆ ಇಲ್ಲದಿದ್ದರೂ ಫಾರ್ಮ್ 3520ರಲ್ಲಿ ತಿಳಿಸಬೇಕು.

ತೀರಿಕೊಂಡ ಮೇಲೆ ಟ್ರಸ್ಟಿಯ ಕೆಲಸ

ಪ್ರೊಬೇಟ್ ಇಲ್ಲ ಎಂದರೆ ಕೆಲಸವಿಲ್ಲ ಎಂದಲ್ಲ. ಮರಣ ಪ್ರಮಾಣಪತ್ರದ ಹತ್ತು ಪ್ರಮಾಣಿತ ಪ್ರತಿಗಳನ್ನು ಮೊದಲೇ ತೆಗೆಸಿ. ಟ್ರಸ್ಟ್‌ಗೆ ಹೊಸ ತೆರಿಗೆ ನಂಬರ್ ಪಡೆಯಬೇಕು, ಅದರ ಹೆಸರಿನಲ್ಲಿ ಖಾತೆ ತೆರೆಯಬೇಕು, ಹಿಂದಿನ ಟ್ರಸ್ಟಿ ತೀರಿಕೊಂಡರೆಂಬ ಅಫಿಡವಿಟ್ಟನ್ನು ಕೌಂಟಿಯಲ್ಲಿ ದಾಖಲಿಸಬೇಕು. ಫಲಾನುಭವಿಗಳಿಗೂ ಕಾನೂನುಬದ್ಧ ವಾರಸುದಾರರಿಗೂ 60 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಅದನ್ನು ಕೊಟ್ಟ ದಿನದಿಂದ ಟ್ರಸ್ಟನ್ನು ಪ್ರಶ್ನಿಸಲು ಅವರಿಗೆ ಸಾಮಾನ್ಯವಾಗಿ 120 ದಿನ. ಮನೆಯ ಸಾವಿನ ದಿನದ ಬೆಲೆಯನ್ನು ಅಪ್ರೈಸರ್ ಕೈಯಲ್ಲಿ ಬರೆಸಿಟ್ಟುಕೊಳ್ಳಿ, ಮುಂದೆ ಮಾರುವಾಗ ಲಾಭದ ಲೆಕ್ಕಕ್ಕೆ ಅದೇ ಆಧಾರ. ಆಸ್ತಿ ತೆರಿಗೆ ಲೆಕ್ಕ ಹಾಕುವ ಕೌಂಟಿ ಅಸೆಸರ್‌ಗೆ 150 ದಿನದೊಳಗೆ ತಿಳಿಸಬೇಕು. 2021ರ ಫೆಬ್ರವರಿ 16ರಿಂದ ಜಾರಿಯಲ್ಲಿರುವ ಪ್ರೊಪೊಸಿಷನ್ 19ರ ಪ್ರಕಾರ, ಅಪ್ಪ-ಅಮ್ಮನ ಹಳೆಯ ಕಡಿಮೆ ಆಸ್ತಿ ತೆರಿಗೆ ಮಕ್ಕಳಿಗೆ ಮುಂದುವರಿಯಬೇಕಾದರೆ ಅವರು ಒಂದು ವರ್ಷದೊಳಗೆ ಅಲ್ಲೇ ವಾಸಕ್ಕೆ ಬರಬೇಕು, ಅದಕ್ಕೂ ಮೌಲ್ಯದ ಮಿತಿಯಿದೆ. ಟ್ರಸ್ಟ್ ಇದ್ದರೂ ಈ ನಿಯಮ ತಪ್ಪದು.

2013ಕ್ಕಿಂತ ಹಿಂದೆ ಬರೆದ ಟ್ರಸ್ಟ್‌ಗಳಲ್ಲಿ ಮೊದಲನೆಯವರು ತೀರಿಕೊಂಡಾಗ ಆಸ್ತಿಯನ್ನು ಎರಡು ಟ್ರಸ್ಟ್‌ಗಳಾಗಿ ಒಡೆಯಲೇಬೇಕು ಎಂಬ ಷರತ್ತು ಇರಬಹುದು. ಎಸ್ಟೇಟ್ ತೆರಿಗೆಯ ವಿನಾಯಿತಿ ಕಡಿಮೆಯಿದ್ದ ಕಾಲಕ್ಕೆ ಅದು ಬೇಕಿತ್ತು. ಈಗ ಅದರಿಂದ ಖರ್ಚು ಹೆಚ್ಚು, ಒಂದು ಭಾಗಕ್ಕೆ ಎರಡನೇ ಸಾವಿನಲ್ಲಿ ಸಿಗಬೇಕಾದ ಬೆಲೆ ಏರಿಕೆಯೂ ತಪ್ಪುತ್ತದೆ. ಇಬ್ಬರೂ ಇರುವಾಗಲೇ ತಿದ್ದಿಸಿ.

ಸಾಲ, ಆಸ್ಪತ್ರೆ ಬಿಲ್, ತೀರಿಕೊಂಡವರ ಕೊನೆಯ ಆದಾಯ ತೆರಿಗೆ, ಟ್ರಸ್ಟ್‌ನ ಆದಾಯ ತೆರಿಗೆ ರಿಟರ್ನ್ ಆದ ಫಾರ್ಮ್ 1041 ಇಷ್ಟೂ ಮುಗಿದ ಮೇಲೆ ಹಂಚಿಕೆ. ಮಕ್ಕಳು ಅವಸರ ಮಾಡಿದರೆಂದು ಎಲ್ಲವನ್ನೂ ಹಂಚಿ, ಆಮೇಲೆ ಸರ್ಕಾರಕ್ಕೆ ಬಾಕಿ ಉಳಿದದ್ದು ಗೊತ್ತಾದರೆ ಟ್ರಸ್ಟಿಯೇ ತನ್ನ ಸ್ವಂತ ಹಣದಿಂದ ಕಟ್ಟಬೇಕಾಗಿ ಬರಬಹುದು. ಆದ್ದರಿಂದ ಕೊನೆಯ ರಿಟರ್ನ್ ಇತ್ಯರ್ಥವಾಗುವವರೆಗೆ ಒಂದು ಮೊತ್ತವನ್ನು ಟ್ರಸ್ಟ್ ಖಾತೆಯಲ್ಲೇ ಮೀಸಲಿಟ್ಟು, ಕೊಟ್ಟ ಪ್ರತಿ ಪಾಲಿಗೂ ಸಹಿ ಹಾಕಿದ ರಸೀದಿ ತೆಗೆದುಕೊಳ್ಳಬೇಕು.